ಎರಡೂ ಕೈ ಖಾಲಿ ಇರಲಿ

ಮೊಮ್ಮಗಳು ಎಂಟನೇ ಕ್ಲಾಸು. ನವೆಂಬರಿನಲ್ಲಿ ಶಾಲೆಯವರು ಕೊಡಚಾದ್ರಿಗೆ ಚಾರಣ ಕರೆದೊಯ್ಯುತ್ತಾರೆಂದು ಗೊತ್ತಾದ ದಿನದಿಂದ ಅವಳಿಗೆ ಬ್ಯಾಗಿನದೇ ಜಪ. ಕಳೆದ ಭಾನುವಾರ ಅವಳ ಜೊತೆ ಅಂಗಡಿಗೆ ಹೊರಟೆ. ನನ್ನ ಕೈಚೀಲದಲ್ಲಿ ಎರಡು ಕೆ.ಜಿ. ಅಕ್ಕಿ, ಒಂದು ಕೆ.ಜಿ. ಬೇಳೆ, ದರ್ಜಿಯ ಟೇಪು.

“ತಾತ, ನಾವು ಹೋಗ್ತಿರೋದು ಬ್ಯಾಗ್ ತಗೊಳ್ಳೋಕೆ, ರೇಷನ್‌ಗಲ್ಲ” ಎಂದು ದಾರಿಯುದ್ದಕ್ಕೂ ನಕ್ಕಳು.

ಅವಳು ಕೈ ಹಾಕಿದ್ದು ನೇರಳೆ ಬಣ್ಣದ ದೊಡ್ಡ ಬ್ಯಾಗಿಗೆ. ಹನ್ನೊಂದು ಜಿಪ್ಪು! ನಾನು ಎಣಿಸಿದೆ, ಮೂವತ್ತನಾಲ್ಕು ವರ್ಷ ಬ್ಯಾಂಕಿನಲ್ಲಿ ನೋಟು ಎಣಿಸಿದ ಚಾಳಿ. ಖಾಲಿ ಬ್ಯಾಗು ಯಾರ ಬೆನ್ನಿಗಾದರೂ ಚೆನ್ನಾಗಿಯೇ ಕೂರುತ್ತದೆ. ಅಕ್ಕಿ, ಬೇಳೆ ತುಂಬಿಸಿ, ಅಂಗಡಿಯೊಳಗೇ ಹತ್ತು ನಿಮಿಷ ಓಡಾಡು ಎಂದೆ. ನಾಲ್ಕನೇ ಸುತ್ತಿಗೆ ಅವಳ ಹೆಬ್ಬೆರಳುಗಳು ತಾವಾಗಿಯೇ ಪಟ್ಟಿಯ ಅಡಿಗೆ ಹೋದವು. ಪಟ್ಟಿ ಭುಜ ಕೊರೆಯುತ್ತಿದೆ ಎನ್ನಲು ಬೇರೆ ಸಾಕ್ಷಿ ಬೇಡ.

ಬ್ಯಾಗು ಕೊಳ್ಳುವಾಗ ನೋಡಬೇಕಾದ್ದು ಆಳಿನ ಎತ್ತರವನ್ನಲ್ಲ, ಬೆನ್ನಿನ ಉದ್ದವನ್ನು. ತಲೆ ಬಗ್ಗಿಸಿದರೆ ಕತ್ತಿನ ಬುಡದಲ್ಲಿ ಒಂದು ಮೂಳೆ ಉಬ್ಬುತ್ತದೆಯಲ್ಲ, ಅಲ್ಲಿಂದ ಸೊಂಟದ ಮೂಳೆಯ ಮೇಲಂಚಿನ ಮಟ್ಟದವರೆಗೆ ಟೇಪು ಹಿಡಿಯಿರಿ. ಬ್ಯಾಗಿನ ಬೆನ್ನು ಆ ಅಳತೆಗೆ ಹೊಂದಬೇಕು. ಸೊಂಟದ ಬೆಲ್ಟು ಹೊಟ್ಟೆಯ ಮೇಲಲ್ಲ, ಸೊಂಟದ ಮೂಳೆಯ ಮೇಲೆ ಕೂರಬೇಕು. ನಮ್ಮಮ್ಮ ಬಾವಿಯಿಂದ ತುಂಬಿದ ಕೊಡವನ್ನು ಸೊಂಟದ ಮೇಲಿಟ್ಟು ತರುತ್ತಿದ್ದಳು. ಭಾರ ಹೊರುವ ಜಾಗ ಯಾವುದೆಂದು ಅವಳಿಗೆ ಯಾರೂ ಪಾಠ ಹೇಳಿರಲಿಲ್ಲ.

ಇನ್ನು ತೂಕ. ಶಾಲಾ ಬ್ಯಾಗು ಮಗುವಿನ ತೂಕದ ಶೇಕಡಾ 10ನ್ನು ಮೀರಬಾರದೆಂದು ನಮ್ಮ ರಾಜ್ಯ ಸರ್ಕಾರ 2019ರಲ್ಲಿ ಆದೇಶ ಮಾಡಿತ್ತು. ಬೆಟ್ಟಕ್ಕೂ ಅದೇ ಲೆಕ್ಕ ಇಟ್ಟುಕೊಂಡೆವು. ಮೊಮ್ಮಗಳು 38 ಕೆ.ಜಿ.; ಅಂದರೆ ಬ್ಯಾಗೂ ಸೇರಿ 3.8. ಒಂದೂವರೆ ಲೀಟರ್ ನೀರೇ ಒಂದೂವರೆ ಕೆ.ಜಿ. ತಿನ್ನುತ್ತದೆ. ಆ ಬಾಟಲಿ ಬೆನ್ನಿಗೆ ಅಂಟಿದಂತಿರಲಿ. ಹೊರಬದಿಯಲ್ಲಿ ಭಾರವಿದ್ದರೆ ಹತ್ತುವಾಗ ಯಾರೋ ಹಿಂದಕ್ಕೆ ಜಗ್ಗಿದಂತಾಗುತ್ತದೆ. ಒಳಗೆ ಒಂದು ದಪ್ಪ ಪ್ಲಾಸ್ಟಿಕ್ ಚೀಲ ಹಾಕಿ, ಬಟ್ಟೆ ಅದರೊಳಗಿಡಿ. ಮಲೆನಾಡಿನ ಮಳೆ ಜಿಪ್ಪಿನ ಸಂದಿಯಲ್ಲೂ ದಾರಿ ಹುಡುಕುತ್ತದೆ. ಒಂದು ದಿನದ ಚಾರಣಕ್ಕೆ 20–25 ಲೀಟರಿನ ಬ್ಯಾಗು ಧಾರಾಳ. ನೇರಳೆ ಬ್ಯಾಗು ಅಂಗಡಿಯಲ್ಲೇ ಉಳಿಯಿತು. ಬೂದು ಬಣ್ಣದ್ದೊಂದು ಮುಖ ಊದಿಸಿಕೊಂಡವಳ ಬೆನ್ನೇರಿ ಮನೆಗೆ ಬಂತು.

ನನಗೆ ಈ ಬ್ಯಾಗಿನ ಹುಚ್ಚು ಹಿಡಿದದ್ದು 2018ರ ಆಗಸ್ಟಿನಲ್ಲಿ. ಆ ಮಳೆಗೆ ಕೊಡಗಿನಲ್ಲಿ ಗುಡ್ಡಗಳೇ ಜರಿದವು. ಮಡಿಕೇರಿ ಹತ್ತಿರದ ಹಳ್ಳಿಯಲ್ಲಿದ್ದ ನನ್ನ ತಂಗಿ, ಭಾವ, ಅವರ ನಾಲ್ಕು ವರ್ಷದ ಮೊಮ್ಮಗ ರಾತ್ರೋರಾತ್ರಿ ಮನೆ ಬಿಟ್ಟರು. ಭಾವ ಎಳೆದದ್ದು ಚಕ್ರದ ಸೂಟ್‌ಕೇಸು. ಕೆಸರಿನಲ್ಲಿ ಚಕ್ರ ತಿರುಗೀತೇ? ಒಂದು ಕೈಯಲ್ಲಿ ಸೂಟ್‌ಕೇಸು, ಇನ್ನೊಂದರಲ್ಲಿ ಟಾರ್ಚು. ತಂಗಿಯ ಎರಡು ಕೈಯಲ್ಲೂ ಚೀಲ. ಮಗು ಎರಡು ಸಲ ಜಾರಿ ಬಿತ್ತು. ಕೊನೆಗೆ ಸೂಟ್‌ಕೇಸನ್ನು ರಸ್ತೆ ಬದಿಯಲ್ಲೇ ಬಿಟ್ಟರು. ಭಾವನ ಸಕ್ಕರೆ ಕಾಯಿಲೆಯ ಮಾತ್ರೆ ಅದರೊಳಗೇ ಇತ್ತು. ಪರಿಹಾರ ಕೇಂದ್ರದಲ್ಲಿ ಡಾಕ್ಟರು ಮಾತ್ರೆಯ ಹೆಸರು ಕೇಳಿದರೆ, “ಬಿಳಿದು, ಚಿಕ್ಕದು” ಎಂದಷ್ಟೇ ಹೇಳಲು ಬಂತಂತೆ.

“ಕೈ ಖಾಲಿ ಇದ್ದಿದ್ರೆ ಮಗೂನ ಹಿಡ್ಕೋಬಹುದಿತ್ತಲ್ಲಣ್ಣ” ಎಂದು ತಂಗಿ ಈಗಲೂ ಹೇಳುತ್ತಾಳೆ.

ಆಗಿನಿಂದ ನಮ್ಮ ಮುಂಬಾಗಿಲ ಪಕ್ಕದ ಗೂಟಕ್ಕೆ ಒಂದು ಬ್ಯಾಗು ನೇತಾಡುತ್ತಿದೆ. ವಾರದ ಮಾತ್ರೆ, ವೈದ್ಯರ ಚೀಟಿಯ ನಕಲು, ಹಳೆಯ ಕನ್ನಡಕ, ಟಾರ್ಚು, ಸೀಟಿ, ನೀರು, ಬಿಸ್ಕತ್ತು, ಕಾಗದಪತ್ರಗಳ ಜೆರಾಕ್ಸ್, ಮನೆಯವರ ಫೋನ್ ನಂಬರು ಬರೆದ ಚೀಟಿ. ಜೊತೆಗೆ ಹತ್ತು, ಇಪ್ಪತ್ತರ ನೋಟುಗಳು. ಕರೆಂಟು ಹೋದರೆ ಎ.ಟಿ.ಎಂ. ಬಾಯಿ ಮುಚ್ಚುತ್ತದೆ, ಐನೂರರ ನೋಟಿಗೆ ಯಾರೂ ಚಿಲ್ಲರೆ ಕೊಡುವುದಿಲ್ಲ. ಯುಗಾದಿಗೊಮ್ಮೆ, ದೀಪಾವಳಿಗೊಮ್ಮೆ ಮಾತ್ರೆಯ ತಾರೀಖು, ಟಾರ್ಚಿನ ಸೆಲ್ಲು ನೋಡುತ್ತೇನೆ.

ಅಂಗಡಿಯಿಂದ ಬಂದ ಸಂಜೆ ಮೊಮ್ಮಗಳು ಆ ಬ್ಯಾಗನ್ನು ಗೂಟದಿಂದ ಇಳಿಸಿ ತೂಕದ ಯಂತ್ರದ ಮೇಲಿಟ್ಟಳು. 9 ಕೆ.ಜಿ.! ನನ್ನ ತೂಕ 61.

“ತಾತ, ನಿಮ್ಮ ಲೆಕ್ಕ ನಿಮಗಿಲ್ವಾ?”

ಒಂದೊಂದಾಗಿ ಹೊರಗೆ ತೆಗೆದಳು. ತಳದಲ್ಲಿ ಸಿಕ್ಕಿದ್ದು ನನ್ನ ಹಳೆಯ ಪಾಸ್‌ಬುಕ್ಕುಗಳ ಕಟ್ಟು. ಎಲ್ಲವನ್ನೂ ಬೀರುವಿಗೆ ಸೇರಿಸಿದಳು. ಅವಳು ಮಲಗಿದ ಮೇಲೆ ಒಂದನ್ನು ಮಾತ್ರ ಮತ್ತೆ ಒಳಗಿಟ್ಟಿದ್ದೇನೆ.