ಹಿಮಹಲಗೆಯ ಉಪಾಧ್ಯಾಯ

ಹಿಮದ ಇಳಿಜಾರಿನಲ್ಲಿ ನಿಂತು ಜಾರುವ ಒಂಟಿ ಹಲಗೆಗೆ ಸ್ನೋಬೋರ್ಡ್ ಎಂದು ಹೆಸರು. ಸ್ಕೀ ಆಟದಲ್ಲಿ ಕಾಲಿಗೊಂದರಂತೆ ಎರಡು ಪಟ್ಟಿಗಳೂ ಕೈಗಳಲ್ಲಿ ಊರುಗೋಲುಗಳೂ ಇರುತ್ತವೆ. ಇಲ್ಲಿಯಾದರೋ ಎರಡು ಪಾದಗಳನ್ನೂ ಒಂದೇ ಹಲಗೆಗೆ ಬಿಗಿದುಕೊಂಡು, ಬರಿಗೈಯಲ್ಲಿ, ಪಕ್ಕಕ್ಕೆ ತಿರುಗಿ ನಿಂತು ಇಳಿಯಬೇಕು. ೧೯೬೫ರಲ್ಲಿ ಅಮೆರಿಕದ ಮಿಷಿಗನ್ ಪ್ರಾಂತದ ಷರ್ಮನ್ ಪಾಪೆನ್ ಎಂಬಾತನು ತನ್ನ ಮಕ್ಕಳ ವಿನೋದಕ್ಕಾಗಿ ಎರಡು ಸ್ಕೀಗಳನ್ನು ಜೋಡಿಸಿ ಮಾಡಿದ ಆಟಿಕೆಯೇ ಇದರ ಪೂರ್ವಜ. ೧೯೯೮ರ ನಾಗಾನೊ ಒಲಿಂಪಿಕ್ ಕ್ರೀಡೆಗಳಲ್ಲಿ ಇದಕ್ಕೆ ಸ್ಥಾನ ದೊರೆಯಿತು. ಇಂದು ಹಿಮ ಬೀಳುವ ಅನೇಕ ದೇಶಗಳಲ್ಲಿ ಇದನ್ನು ಕಲಿಸುವುದು ಒಂದು ವೃತ್ತಿ. ಆ ವೃತ್ತಿಗೆ ತರಬೇತಿಯೂ ಪರೀಕ್ಷೆಯೂ ಉಂಟು.

ಕೆನಡಾದ ಸ್ನೋಬೋರ್ಡ್ ಶಿಕ್ಷಕರ ಸಂಘದ ಪದ್ಧತಿಯನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಅದರಲ್ಲಿ ನಾಲ್ಕು ಮಟ್ಟಗಳಿವೆ. ಮೊದಲನೆಯದು ಮೂರು ದಿನಗಳ ಶಿಬಿರ. ಅಲ್ಲಿ ತೇರ್ಗಡೆಯಾದವನು ಹೊಸಬರಿಗೆ ಪಾಠ ಹೇಳಬಹುದು. ಮೂರೇ ದಿನಗಳಲ್ಲಿ ಉಪಾಧ್ಯಾಯನಾಗುವುದುಂಟೆ ಎಂದು ಓದುಗರು ನಗಬಾರದು. ಶಿಬಿರಕ್ಕೆ ಬರುವವನು ಜಾರುವುದನ್ನು ಆಗಲೇ ಬಲ್ಲವನು. ಸೋಜಿಗವೆಂದರೆ, ಹಾಗೆ ಬಲ್ಲವನಾಗಿರುವುದೇ ಅವನ ಮೊದಲ ಅಡಚಣೆ. ಸೈಕಲ್ ಸವಾರಿಯನ್ನು ಮಕ್ಕಳಿಗೆ ಕಲಿಸಹೊರಟವರಿಗೆ ಈ ಕಷ್ಟ ಗೊತ್ತು. ದೇಹ ಕಲಿತದ್ದನ್ನು ಬಾಯಿ ಹೇಳಲಾರದು. “ಬೀಳಬೇಡ, ನೆಟ್ಟಗೆ ಹಿಡಿ” ಎನ್ನುವುದರ ಆಚೆಗೆ ಮಾತೇ ಹೊರಡದು. ಶಿಬಿರದಲ್ಲಿ ಜಾರುವ ಕೌಶಲವನ್ನಲ್ಲದೆ ಕಲಿಸುವ ಕೌಶಲವನ್ನೂ ಅಳೆಯುವುದು ಇದಕ್ಕಾಗಿಯೇ.

ಹೊಸಬನು ಏಕೆ ಬೀಳುತ್ತಾನೆ? ಹಲಗೆಯ ಉದ್ದನೆಯ ಎರಡು ಬದಿಗಳಿಗೂ ತೆಳುವಾದ ಉಕ್ಕಿನ ಅಂಚುಗಳಿರುತ್ತವೆ. ಹಲಗೆಯನ್ನು ಇಳಿಜಾರಿಗೆ ಅಡ್ಡಲಾಗಿ ತಿರುಗಿಸಿ, ಬೆಟ್ಟದ ಕಡೆಯ ಅಂಚನ್ನು ಊರಿದರೆ ಅದು ಹಿಮವನ್ನು ಕೆರೆದು ವೇಗವನ್ನು ತಡೆಯುತ್ತದೆ. ಊರಿದ್ದನ್ನು ತುಸು ಸಡಿಲಿಸಿದರೆ ಹಲಗೆ ಅಡ್ಡವಾಗಿಯೇ ಮೆಲ್ಲನೆ ಕೆಳಗಿಳಿಯುತ್ತದೆ. ಸಡಿಲಿಕೆ ಅತಿಯಾಗಿ ಹಲಗೆ ಹಿಮದ ಮೇಲೆ ಚಪ್ಪಟೆಯಾಗಿ ಕುಳಿತಿತೋ, ಕಣಿವೆಯ ಕಡೆಯ ಅಂಚು ತಟ್ಟನೆ ಹಿಮವನ್ನು ಕಚ್ಚುತ್ತದೆ. ಪಾದಗಳು ಅಲ್ಲಿಯೇ ನಿಲ್ಲುತ್ತವೆ. ಮೇಲಿನ ದೇಹವು ಜಡತ್ವದಿಂದ ಮುಂದೆ ಸಾಗುತ್ತದೆ. ಬಸ್ಸು ಥಟ್ಟನೆ ನಿಂತಾಗ ಪ್ರಯಾಣಿಕನು ಮುಗ್ಗರಿಸುವುದೂ ಇದೇ ಕಾರಣದಿಂದ. ಆದರೆ ಅವನು ಒಂದು ಹೆಜ್ಜೆ ಮುಂದಿಟ್ಟು ಸಾವರಿಸಿಕೊಳ್ಳಬಲ್ಲ. ಇವನ ಎರಡು ಕಾಲುಗಳನ್ನೂ ಕಟ್ಟಿಹಾಕಿದೆ. ಕಣಿವೆಗೆ ಬೆನ್ನು ಮಾಡಿದ್ದವನ ತಲೆಯ ಹಿಂಭಾಗ ನೆಲಕ್ಕೆ ಬಡಿಯುತ್ತದೆ. ಮುಖ ಮಾಡಿದ್ದವನು ಅಂಗೈಗಳನ್ನು ಚಾಚಿ ಬೀಳುತ್ತಾನೆ. ಹೊಸಬರಲ್ಲಿ ಮಣಿಕಟ್ಟಿನ ಮೂಳೆ ಮುರಿಯುವುದು ಅಷ್ಟೊಂದು ಸಾಮಾನ್ಯವಾಗಿರುವುದಕ್ಕೆ ಕಾರಣ ಹೀಗೆ ಚಾಚಿದ ಕೈ. ಆದುದರಿಂದ ಮುಷ್ಟಿ ಮಡಿಸಿ ಮುಂದೋಳಿನ ಮೇಲೆ ಬೀಳುವುದನ್ನೂ, ಹಿಂದಕ್ಕೆ ಬೀಳುವಾಗ ಗಲ್ಲವನ್ನು ಎದೆಗೆ ಒತ್ತಿಕೊಂಡು ಉರುಳುವುದನ್ನೂ ಆರಂಭದಲ್ಲಿಯೇ ಕಲಿಸುತ್ತಾರೆ.

ಇಲ್ಲೊಂದು ಸ್ವಾರಸ್ಯವಿದೆ. ಇಳಿಜಾರು ಕಡಿಮೆಯಾದಷ್ಟೂ ಅಪಾಯ ಕಡಿಮೆಯೆಂದು ಯಾರಿಗಾದರೂ ತೋರುತ್ತದೆ. ಲೆಕ್ಕ ಹಾಕಿ ನೋಡಿ: ನೆಟ್ಟಗೆ ನಿಂತವನ ಅಡಿಯಲ್ಲಿ ಅಡ್ಡವಾಗಿರುವ ಹಲಗೆ ಹೆಚ್ಚುಕಡಿಮೆ ಸಮತಲವಾಗಿರುತ್ತದೆ. ಬೆಟ್ಟವು ೨೦ ಡಿಗ್ರಿ ಓರೆಯಾಗಿದ್ದರೆ ಹಲಗೆಗೂ ಹಿಮಕ್ಕೂ ನಡುವೆ ತಾನಾಗಿಯೇ ೨೦ ಡಿಗ್ರಿಗಳ ಕೋನ ಏರ್ಪಡುತ್ತದೆ; ಕೆಳಗಿನ ಅಂಚು ಹಿಮದಿಂದ ಮೇಲೆದ್ದು ಕ್ಷೇಮವಾಗಿರುತ್ತದೆ. ಓರೆ ೫ ಡಿಗ್ರಿಯಾದರೆ ಅಂತರವೂ ೫ ಡಿಗ್ರಿಯೇ. ಕಣಕಾಲು ಕೊಂಚ ಅಲುಗಿದರೂ ಅದು ಮಾಯವಾಗುತ್ತದೆ. ಬಹಳ ಕಡಿದಾದಲ್ಲಿ ಭಯ, ಬಹಳ ಚಪ್ಪಟೆಯಾದಲ್ಲಿ ಅಂಚಿನ ಕಾಟ. ಒಂದು ಕಾಲನ್ನಷ್ಟೇ ಬಿಗಿದು ನೇರವಾಗಿ ಜಾರಲು ಬಹುಮಟ್ಟಿಗೆ ಚಪ್ಪಟೆಯಾದ ಜಾಗ ಒಳ್ಳೆಯದು. ಅಡ್ಡಲಾಗಿ ಇಳಿಯುವ ಪಾಠಕ್ಕೆ ಅದಕ್ಕಿಂತ ತುಸು ಓರೆಯಾದುದು ಬೇಕು. ಅಭ್ಯರ್ಥಿಯು ಕಲಿಯಬೇಕಾದ ವಿದ್ಯೆಗಳಲ್ಲಿ ಜಾಗದ ಆಯ್ಕೆಯೇ ಮುಖ್ಯವೆಂದು ನನಗೆ ತೋರುತ್ತದೆ.

ಏಕೆಂದರೆ ಶಿಷ್ಯನಲ್ಲಿ ಕಾಣುವ ತಪ್ಪಿನ ಬೇರು ಅನೇಕವೇಳೆ ಅವನಲ್ಲಿರುವುದಿಲ್ಲ. ಹಲಗೆ ತಿರುಗುತ್ತಿಲ್ಲ ಎಂದಿಟ್ಟುಕೊಳ್ಳಿ. ನೋಡಿದರೆ ಅವನ ಭಾರವೆಲ್ಲ ಹಿಂಗಾಲಿನ ಮೇಲಿದೆ. ಒತ್ತಡವಿಲ್ಲದ ಮುಂತುದಿ ಹಿಮವನ್ನು ಹಿಡಿಯುತ್ತಿಲ್ಲ. “ಮುಂದಕ್ಕೆ ಬಾಗು” ಎಂದರೆ ಅವನು ಸೊಂಟವನ್ನಷ್ಟೇ ಬಗ್ಗಿಸುತ್ತಾನೆ. ಭಾರ ಇದ್ದಲ್ಲಿಯೇ ಇರುತ್ತದೆ. ಅವನು ಹಿಂದೆ ಸರಿದದ್ದು ಭಯದಿಂದ, ಭಯ ಹುಟ್ಟಿದ್ದು ಇಳಿಜಾರಿನಿಂದ, ಅವನನ್ನು ಆ ಇಳಿಜಾರಿಗೆ ಕರೆತಂದವನು ಉಪಾಧ್ಯಾಯ. ಹತ್ತು ಗಜ ಕೆಳಗಿಳಿದು ನಿಂತರೆ ಉಪದೇಶವಿಲ್ಲದೆಯೇ ತಪ್ಪು ತಿದ್ದಿಕೊಳ್ಳುವುದುಂಟು. ಕಣ್ಣಿಗೆ ಕಂಡ ಲಕ್ಷಣದಿಂದ ಹಿಂದೆ ಹಿಂದೆ ಸಾಗಿ ಕಾರಣವನ್ನು ಹಿಡಿಯುವ ಈ ಕೆಲಸ ವೈದ್ಯನ ಕೆಲಸವನ್ನೇ ಹೋಲುತ್ತದೆ.

ಆಡುವ ಮಾತಿನ ರೀತಿಯೂ ಫಲವನ್ನು ಬದಲಿಸಬಲ್ಲದು. ೧೯೯೮ರಲ್ಲಿ ಗೇಬ್ರಿಯೆಲ್ ವುಲ್ಫ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗವೊಂದು ಇಲ್ಲಿ ಉಪಯುಕ್ತವಾಗಿದೆ. ಬಾಗಿದ ಹಳಿಗಳ ಮೇಲೆ ಅತ್ತಿತ್ತ ಓಡುವ, ಗಾಲಿಗಳುಳ್ಳ ಮಣೆಯ ಮೇಲೆ ಜನರನ್ನು ನಿಲ್ಲಿಸಿ ಸ್ಕೀಯಂಥ ಚಲನೆಯನ್ನು ಅಭ್ಯಾಸ ಮಾಡಿಸಿದರು. ಕೆಲವರಿಗೆ ಹೊರಪಾದದಿಂದ ಒತ್ತಬೇಕೆಂದೂ, ಕೆಲವರಿಗೆ ಹೊರಗಡೆಯ ಗಾಲಿಗಳನ್ನು ಒತ್ತಬೇಕೆಂದೂ ಹೇಳಿದರು. ಗಾಲಿಗಳಿರುವುದು ಪಾದದ ಕೆಳಗೇ; ಎರಡೂ ಮಾತುಗಳ ಅರ್ಥ ಬಹುಮಟ್ಟಿಗೆ ಒಂದೇ. ಆದರೂ ಗಾಲಿಯ ಕಡೆ ಗಮನವಿಟ್ಟವರೇ ಚೆನ್ನಾಗಿ ಕಲಿತರು. ತನ್ನ ಅಂಗಾಂಗಗಳನ್ನೇ ಯೋಚಿಸುವವನು ತನ್ನ ಚಲನೆಗೆ ತಾನೇ ತೊಡಕಾಗುತ್ತಾನೆಂದು ತೋರುತ್ತದೆ. “ಮೊಣಕಾಲನ್ನು ಒತ್ತು” ಎನ್ನುವುದಕ್ಕಿಂತ “ಹಲಗೆಯ ಮುಂತುದಿಯಿಂದ ಹಿಮವನ್ನು ಒತ್ತು” ಎನ್ನುವ ಉಪಾಧ್ಯಾಯನಿಗೆ ಇಲ್ಲಿ ಆಧಾರವಿದೆ.

ಅಭ್ಯಾಸಪಾಠದಲ್ಲಿ ಅಭ್ಯರ್ಥಿಗಳು ಒಬ್ಬರಿಗೊಬ್ಬರು ಶಿಷ್ಯರಾಗುತ್ತಾರೆ. ಆದರೆ ನುರಿತ ದೇಹ ಅರಿಯದವರಂತೆ ನಟಿಸುವುದು ಸುಲಭವಲ್ಲ. ಇದಕ್ಕೊಂದು ಉಪಾಯವುಂಟು. ಎಡಗಾಲನ್ನು ಮುಂದಿಟ್ಟು ಜಾರುವ ರೂಢಿಯವನು ಬಲಗಾಲನ್ನು ಮುಂದಿಟ್ಟು ಮೊದಲ ಪಾಠದಿಂದ ತೊಡಗಬೇಕು. ಆಗ ಭುಜಗಳು ತಿರುಚಿಕೊಳ್ಳುತ್ತವೆ, ಕಣ್ಣು ಪಾದದ ಮೇಲೆಯೇ ನೆಡುತ್ತದೆ, ಭಾರ ಹಿಂದಕ್ಕೆ ಸರಿಯುತ್ತದೆ. ಇಷ್ಟು ಹೊತ್ತು ಇತರರಲ್ಲಿ ಎಣಿಸುತ್ತಿದ್ದ ತಪ್ಪುಗಳನ್ನೆಲ್ಲ ಅವನು ತನ್ನ ಮೈಯಲ್ಲೇ ಕಾಣುತ್ತಾನೆ.