ಪಾಠ ಗೊತ್ತು, ಪದ ಗೊತ್ತಿಲ್ಲ: ಸಂಕೇಶ್ವರದ ಮಕ್ಕಳಿಗೆ ಇಂಗ್ಲಿಷ್ ಎಲ್ಲಿ ತೊಡಕಾಗುತ್ತೆ?

(ಈ ವಾರದ ಸಂಚಿಕೆಯ ಬರಹ ರೂಪ)

 

ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಪಿಯುಸಿ ಸೈನ್ಸ್ ಸೇರಿದ ಮೊದಲ ವಾರ ನೆನಪಿದೆಯಾ? ವೇಗೋತ್ಕರ್ಷ ಅಂದ್ರೆ ಏನು ಅಂತ ಚೆನ್ನಾಗಿ ಗೊತ್ತು. ಆದರೆ ಬೋರ್ಡ್ ಮೇಲೆ ಆಕ್ಸಲರೇಷನ್ ಅಂತ ಬಂದ ಕೂಡಲೇ ತಲೆ ಖಾಲಿ. ತುಂಬಾ ಹುಡುಗರು ಆಗಲೇ ‘ಸೈನ್ಸ್ ನನಗ ಆಗೂದಿಲ್ಲ ಬಿಡ’ ಅಂತ ತೀರ್ಮಾನಿಸಿಬಿಡ್ತಾರೆ. ಪಾಠ ಗೊತ್ತಿಲ್ಲ ಅಂತಲ್ಲ, ಅದರ ಹೊಸ ಹೆಸರು ಗೊತ್ತಿಲ್ಲ, ಅಷ್ಟೇ.

ಗಡಿ ಊರು, ಮೂರು ಮಾತು

ಸಂಕೇಶ್ವರ ಹುಕ್ಕೇರಿ ತಾಲ್ಲೂಕಿನ ಊರು. ಬೆಳಗಾವಿ–ಕೊಲ್ಹಾಪುರ ಹೈವೇ ಮೇಲಿದೆ. ಗಡಿ ದಾಟಿದ್ರೆ ಮಹಾರಾಷ್ಟ್ರದ ಗಡಹಿಂಗ್ಲಜ. ಇಲ್ಲಿ ಒಂದೇ ಓಣಿಯಲ್ಲಿ ಕನ್ನಡ, ಮರಾಠಿ, ಉರ್ದು ಮೂರೂ ಕೇಳ್ತವೆ. ಮರಾಠಿ ಮನೆಯ ಮಗು ಕನ್ನಡ ಶಾಲೆಗೆ ಹೋದ್ರೆ ಪುಸ್ತಕದ ಕನ್ನಡವೇ ಎರಡನೇ ಭಾಷೆ, ಇಂಗ್ಲಿಷ್ ಮೂರನೇದು. ಕನ್ನಡ ಮನೆಯ ಮಗುವಿಗೂ ಮನೆಯ ಮಾತು ಬೇರೆ, ಪುಸ್ತಕದ ಮಾತು ಬೇರೆ. ಮನೆಯಲ್ಲಿ ಬಟಾಟಿ, ಪುಸ್ತಕದಲ್ಲಿ ಆಲೂಗಡ್ಡೆ, ಇಂಗ್ಲಿಷಿನಲ್ಲಿ ಪೊಟ್ಯಾಟೋ.

ಈಗ ಎಣಿಕೆ ನೋಡಿ. ಕನ್ನಡದಲ್ಲಿ ಇಪ್ಪತ್ತೈದು: ಇಪ್ಪತ್ತು ಮೊದಲು, ಐದು ಆಮೇಲೆ. ಇಂಗ್ಲಿಷಿನ ಟ್ವೆಂಟಿ ಫೈವ್ ಕೂಡ ಹಾಗೇ. ಮರಾಠಿಯಲ್ಲಿ ಪಂಚವೀಸ, ಉರ್ದುವಿನಲ್ಲಿ ಪಚ್ಚೀಸ್: ಐದರ ಸದ್ದು ಮೊದಲು. ಈ ಮನೆಗಳಿಂದ ಬಂದ ಮಗು 25 ಅಂತ ಹೇಳಿದ್ರೆ 52 ಬರೆಯಬಹುದು. ಆ ಮಗು ದಡ್ಡ ಅಲ್ಲ, ಕಿವಿಗೆ ಬಿದ್ದ ಕ್ರಮದಲ್ಲೇ ಬರೆದಿದೆ.

ಇನ್ನೊಂದು ಲೆಕ್ಕ. 15 ಬಟಾಟಿ ಇದ್ವು, 6 ಮಾರಿದ್ವಿ, ‘ಹೌ ಮೆನಿ ಆರ್ ಲೆಫ್ಟ್?’ ಲೆಫ್ಟ್ ಅಂದ್ರೆ ಎಡಗೈ ಅಂತ ಕಲಿತ ಮಗು ಇಲ್ಲೇ ನಿಂತುಬಿಡುತ್ತೆ. ಕಳೆಯೋದು ಬರುತ್ತೆ, ಪ್ರಶ್ನೆ ಅರ್ಥ ಆಗಿಲ್ಲ. ನಾವು ಮಾತ್ರ ‘ಗಣಿತದಲ್ಲಿ ವೀಕ್’ ಅಂತ ಹಣೆಪಟ್ಟಿ ಹಚ್ತೀವಿ.

ಸರ್ಕಾರ ಏನು ಮಾಡಿದೆ?

1994ರಲ್ಲಿ ರಾಜ್ಯ ಸರ್ಕಾರ ಒಂದರಿಂದ ನಾಲ್ಕನೇ ತರಗತಿವರೆಗೆ ಮಾತೃಭಾಷೆ ಅಥವಾ ಕನ್ನಡದಲ್ಲೇ ಪಾಠ ಅಂತ ಆದೇಶ ಮಾಡಿತ್ತು. ಖಾಸಗಿ ಶಾಲೆಗಳ ಮೇಲೆ ಅದನ್ನು ಹೇರೋ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ 2014ರ ಮೇ 6ರಂದು ಹೇಳಿತು. ಮಾಧ್ಯಮದ ಆಯ್ಕೆ ತಂದೆ-ತಾಯಿಯ ಕೈಗೆ ಬಂತು. ಸರ್ಕಾರಿ ಶಾಲೆಗಳಲ್ಲಿ 2007–08ರಿಂದ ಒಂದನೇ ತರಗತಿಯಲ್ಲೇ ಇಂಗ್ಲಿಷ್ ಒಂದು ವಿಷಯವಾಗಿ ಬಂದಿತ್ತು. 2019–20ರಲ್ಲಿ 1,000 ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ತರಗತಿಗಳು ಶುರುವಾದವು. ಜೊತೆಗೆ ದ್ವಿಭಾಷಾ ಪಠ್ಯಪುಸ್ತಕಗಳೂ ಬಂದವು: ಒಂದೇ ಪಾಠ ಕನ್ನಡದಲ್ಲೂ ಇದೆ, ಇಂಗ್ಲಿಷಿನಲ್ಲೂ ಇದೆ.

ಇದು ಒಳ್ಳೆಯ ದಾರಿ. ಆದರೆ ಮರಾಠಿ, ಉರ್ದು ಮನೆಯ ಮಗುವಿಗೆ ಆ ಪುಸ್ತಕದ ಎರಡೂ ಭಾಷೆ ಹೊರಗಿನವೇ. ಗಡಿ ಊರಿನ ಟೀಚರ್‌ಗೆ ಪುಸ್ತಕದಲ್ಲಿಲ್ಲದ ಮೂರನೇ ಭಾಷೆಯಲ್ಲೂ ಒಂದು ಮಾತು ಹೇಳಬೇಕಾಗುತ್ತೆ.

ಸಂಶೋಧನೆ ಏನು ಹೇಳುತ್ತೆ?

ಕೆನಡಾದ ಜಿಮ್ ಕಮಿನ್ಸ್ ದ್ವಿಭಾಷಾ ಮಕ್ಕಳ ಕಲಿಕೆ ಬಗ್ಗೆ ದಶಕಗಟ್ಟಲೆ ಕೆಲಸ ಮಾಡಿದವರು. ಅವರ ಪ್ರಕಾರ ಹೊಸ ಭಾಷೆಯಲ್ಲಿ ಆಟ-ಮಾತಿಗೆ ಸುಮಾರು ಎರಡು ವರ್ಷ ಸಾಕು. ಅದೇ ಭಾಷೆಯಲ್ಲಿ ಪಾಠ ಓದಿ, ವಾದ ಮಾಡಿ, ಉತ್ತರ ಬರೆಯೋಕೆ ಐದರಿಂದ ಏಳು ವರ್ಷ ಬೇಕಾಗಬಹುದು. ಪಿಯುಸಿ ಇರೋದೇ ಎರಡು ವರ್ಷ! ಒಂದು ಸಮಾಧಾನದ ಮಾತೂ ಇದೆ. ಒಂದು ಭಾಷೆಯಲ್ಲಿ ಗಟ್ಟಿಯಾಗಿ ಕಲಿತದ್ದು ಇನ್ನೊಂದಕ್ಕೆ ದಾಟುತ್ತೆ. ಜಡತ್ವ ಅರ್ಥ ಆದವರು ಇನರ್ಷಿಯಾವನ್ನು ಮೊದಲಿಂದ ಕಲಿಯಬೇಕಿಲ್ಲ.

ಅಮೆರಿಕದಲ್ಲೂ ಈ ಜಗಳ ಕೋರ್ಟಿಗೆ ಹೋಗಿತ್ತು. ಸ್ಯಾನ್‌ಫ್ರಾನ್ಸಿಸ್ಕೋದ ಚೀನೀ ಮನೆಗಳ ಮಕ್ಕಳಿಗೆ ಇಂಗ್ಲಿಷ್ ಬರ್ತಿರಲಿಲ್ಲ, ಬೇರೆ ಸಹಾಯವೂ ಇರಲಿಲ್ಲ. ಎಲ್ಲರಿಗೂ ಅದೇ ಪುಸ್ತಕ, ಅದೇ ಟೀಚರ್ ಕೊಟ್ಟ ಮಾತ್ರಕ್ಕೆ ಸಮಾನತೆ ಆಗೋದಿಲ್ಲ ಅಂತ 1974ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು.

ನಾವೇನು ಮಾಡಬಹುದು?

ಮನೆಯಲ್ಲಿ ತಮ್ಮನೋ ತಂಗಿಯೋ ಓದ್ತಿದ್ರೆ ಮೂರು ಕೆಲಸ ಮಾಡಿ.

ಒಂದು, ಪಾಠವನ್ನು ಮೊದಲು ಮನೆ ಮಾತಲ್ಲೇ ಹೇಳಿಸಿ. ಅರ್ಥ ಆಗಿದೆ ಅಂತ ಗೊತ್ತಾದ ಮೇಲೆ ಇಂಗ್ಲಿಷಿಗೆ ಹೋಗಿ.

ಎರಡು, ಒಂದು ನೋಟ್‌ಬುಕ್‌ನಲ್ಲಿ ಗೆರೆ ಎಳೆದು ಈ ಕಡೆ ಕನ್ನಡ, ಆ ಕಡೆ ಇಂಗ್ಲಿಷ್ ಪದ ಬರೆಸಿ. ದಿನಕ್ಕೆ ಐದು ಸಾಕು. ಎಸ್ಸೆಸ್ಸೆಲ್ಸಿ ಮುಗಿದ ಬೇಸಿಗೆ ರಜೆಯಲ್ಲಿ ಇಷ್ಟು ಮಾಡಿದ್ರೂ ಪಿಯುಸಿಯ ಮೊದಲ ವಾರದ ಭಯ ಅರ್ಧ ಇಳಿಯುತ್ತೆ.

ಮೂರು, ಭಾಷೆ ಬೆರೆಸಿ ಮಾತಾಡಿದ್ರೆ ಬೈಬೇಡಿ, ನಗಬೇಡಿ. ಒಮ್ಮೆ ನಕ್ಕರೆ ಆ ಹುಡುಗಿ ಕ್ಲಾಸಿನಲ್ಲಿ ಮತ್ತೆ ಕೈ ಎತ್ತೋದಿಲ್ಲ.

ಮನೆಯಲ್ಲಿ ಅಡ್ಮಿಷನ್ ಮಾತು ಬಂದಾಗ ಬೋರ್ಡ್ ಮೇಲೆ ‘ಇಂಗ್ಲಿಷ್ ಮೀಡಿಯಂ’ ಅಂತ ಇದೆಯಾ ಅಂತಷ್ಟೇ ನೋಡಬೇಡಿ. ಮಗುವಿಗೆ ಅರ್ಥ ಆಗದಿದ್ರೆ ಅದರ ಮಾತಲ್ಲಿ ಹೇಳೋರು ಒಳಗೆ ಇದ್ದಾರಾ ಅಂತ ಕೇಳಿ. ಇಂಗ್ಲಿಷ್ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮನೆ ಮಾತನ್ನು ಗೇಟಿನ ಹೊರಗೆ ಬಿಟ್ಟು ಬಾ ಅಂದ್ರೆ, ಗೊತ್ತಿರೋ ಪಾಠವನ್ನೂ ಮಗು ಅಲ್ಲೇ ಬಿಟ್ಟು ಬರುತ್ತೆ.

ಪಿಯುಸಿಯ ಮೊದಲ ವಾರ ನಿಮಗೆ ಹೇಗಿತ್ತು? ನಿಮ್ಮ ಮಾತಲ್ಲೇ ಒಂದು ವಾಯ್ಸ್ ಮೆಸೇಜ್ ಕಳಿಸಿ. ಮುಂದಿನ ವಾರ ಸಿಗೋಣ್ರೀ.