ನೀರು ಹಾರಿಸುವ ಒಲೆ

ಅಮೆರಿಕದ ವರ್ಮಾಂಟ್ ರಾಜ್ಯದ ಹಳ್ಳಿಗಳಲ್ಲಿ ಫೆಬ್ರುವರಿ ಕೊನೆಯಿಂದ ಏಪ್ರಿಲ್‌ವರೆಗೆ ಮಾಡಿನ ನೆತ್ತಿಯಿಂದ ಬಿಳಿ ಆವಿ ಉಗುಳುವ ಮರದ ಶೆಡ್ಡುಗಳು ಕಾಣಸಿಗುತ್ತವೆ. ಅಲ್ಲಿನವರ ಬಾಯಲ್ಲಿ ಅದು ಶುಗರ್‌ಹೌಸ್. ಒಳಗೆ ಕುದಿಯುತ್ತಿರುವುದು ಶುಗರ್ ಮೇಪಲ್ ಮರದ ರಸ, ಅದನ್ನು ಕುದಿಸುವ ಸಾಧನ ಇವಾಪರೇಟರ್. ಹೊಸ ಇವಾಪರೇಟರ್ ತಂದು ಕೂರಿಸುವುದು ರೈತನ ಮನೆಗೆ ದೊಡ್ಡ ಖರ್ಚು, ಅಷ್ಟೇ ದೊಡ್ಡ ಸಡಗರ. ಯಂತ್ರ ನೋಡಲು ಸರಳ. ಅದನ್ನು ಹದವಾಗಿ ಕೂರಿಸುವುದರಲ್ಲಿಯೇ ಕಸುಬೆಲ್ಲ ಅಡಗಿದೆ.

ರಾತ್ರಿ ಹೆಪ್ಪುಗಟ್ಟುವ ಚಳಿ, ಹಗಲು ಶೂನ್ಯಕ್ಕಿಂತ ಮೇಲಿನ ಬಿಸಿಲು. ಈ ಏರಿಳಿತ ಇದ್ದಾಗ ಮಾತ್ರ ಮರದೊಳಗೆ ಒತ್ತಡ ಹುಟ್ಟಿ ರಸ ಸುರಿಯುತ್ತದೆ. ಕಾಂಡಕ್ಕೆ ಸುಮಾರು 8 ಮಿಲಿಮೀಟರ್ ಅಗಲದ ತೂತು ಕೊರೆದು ನಳಿಕೆ ಸಿಕ್ಕಿಸಿದರೆ ಒಂದು ಹಂಗಾಮಿನಲ್ಲಿ ಹೆಚ್ಚುಕಡಿಮೆ 40 ಲೀಟರ್ ರಸ ಸಿಗುತ್ತದೆ. ರಸ ನೋಡಲು ನೀರು, ಕುಡಿದರೂ ನೀರೇ. ಸಕ್ಕರೆಯ ಅಂಶ ನೂರಕ್ಕೆ 2 ಮಾತ್ರ. ಪಾಕ ಎನಿಸಿಕೊಳ್ಳಲು ಅದು 66ಕ್ಕೆ ಏರಬೇಕು. 40 ಲೀಟರ್ ಕುದಿಸಿದರೆ 1 ಲೀಟರ್ ಪಾಕ, ಉಳಿದದ್ದೆಲ್ಲ ಆವಿಯಾಗಿ ಆಕಾಶಕ್ಕೆ.

ನಮ್ಮ ಆಲೆಮನೆಯನ್ನು ನೆನೆದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಕಬ್ಬಿನ ಹಾಲಿನಲ್ಲಿ ನೂರಕ್ಕೆ 15ಕ್ಕೂ ಹೆಚ್ಚು ಸಕ್ಕರೆ ಇರುತ್ತದೆ. ಒಂದು ಕೊಪ್ಪರಿಗೆ ತುಂಬಿಸಿ, ಕುದಿಸಿ, ಹದ ನೋಡಿ ಇಳಿಸಿದರೆ ಒಂದು ಅಡಿಗೆ ಮುಗಿಯಿತು. ಮೇಪಲ್ ರಸಕ್ಕೆ ಈ ಲೆಕ್ಕ ಒಗ್ಗುವುದಿಲ್ಲ. ಹಾರಿಸಬೇಕಾದ ನೀರು ಅಷ್ಟಿರುವಾಗ ಒಂದೇ ಪಾತ್ರೆಯಲ್ಲಿ ದಿನವಿಡೀ ಕುದಿಸಿದರೆ ಪಾಕ ಕಪ್ಪಾಗಿ ರುಚಿ ಕೆಡುತ್ತದೆ. ಹಾಗಾಗಿ ಇಲ್ಲಿ ಒಂದು ತುದಿಯಿಂದ ರಸ ಒಳಬರುತ್ತಲೇ ಇರುತ್ತದೆ, ಇನ್ನೊಂದು ತುದಿಯಿಂದ ಪಾಕ ಹೊರಹೋಗುತ್ತದೆ.

ಇವಾಪರೇಟರಿನ ಕೆಳಭಾಗ ಉದ್ದನೆಯ ಕಬ್ಬಿಣದ ಒಲೆ, ಅದರ ಮೇಲೆ ಸ್ಟೀಲಿನ ಎರಡು ಬಾಣಲೆಗಳು. ಹಿಂದಿನ ಬಾಣಲೆಯ ತಳ ಆಳವಾದ ಮಡಿಕೆಗಳಿಂದ ಕೂಡಿದ್ದು, ಬೆಂಕಿಗೆ ಹೆಚ್ಚು ಮೈಯೊಡ್ಡುತ್ತದೆ. ಬಹುಪಾಲು ನೀರು ಹಾರುವುದು ಇಲ್ಲಿಯೇ. ಮುಂದಿನದು ಚಪ್ಪಟೆ ತಳದ ಪಾಕದ ಬಾಣಲೆ. ಅದರೊಳಗಿನ ಅಡ್ಡಗೋಡೆಗಳ ನಡುವೆ ರಸ ಅಂಕುಡೊಂಕಾಗಿ ಸಾಗುತ್ತಾ ಹೆಜ್ಜೆಹೆಜ್ಜೆಗೂ ಗಟ್ಟಿಯಾಗುತ್ತದೆ. ಹಿಂದೆ ಎಷ್ಟು ಆವಿಯಾಯಿತೋ ಅಷ್ಟೇ ಹೊಸ ರಸವನ್ನು ಫ್ಲೋಟ್ ವಾಲ್ವ್ ಒಳಬಿಡುತ್ತದೆ. ಆ ನೆಲದ ಮೂಲನಿವಾಸಿಗಳು ಮೊದಲು ತೊಗಟೆಯ ಪಾತ್ರೆಗೆ ಕಾಯಿಸಿದ ಕಲ್ಲು ಹಾಕಿ ರಸ ಕುದಿಸುತ್ತಿದ್ದರು, ವಸಾಹತುಗಾರರು ಕಬ್ಬಿಣದ ಕಡಾಯಿ ತಂದರು. ಅಡ್ಡಗೋಡೆಗಳ ನಡುವೆ ರಸ ಹರಿಸುವ ಬಾಣಲೆಗೆ ಒಹಾಯೊದ ಕುಕ್ ಎಂಬಾತ 1858ರಲ್ಲಿ ಪೇಟೆಂಟ್ ಪಡೆದ.

ಕೂರಿಸುವ ಕೆಲಸ ನೆಲದಿಂದಲೇ ಶುರು. ಆ ಸೀಮೆಯ ಚಳಿಗಾಲದಲ್ಲಿ ಮಣ್ಣು ಹೆಪ್ಪುಗಟ್ಟಿ ಉಬ್ಬುತ್ತದೆ, ಬೇಸಿಗೆ ಬಂದಾಗ ಕುಸಿಯುತ್ತದೆ. ಅಡಿಪಾಯ ಗಟ್ಟಿಯಿಲ್ಲದಿದ್ದರೆ ಹೋದ ವರ್ಷ ಸಮವಾಗಿದ್ದ ಒಲೆ ಈ ವರ್ಷ ವಾಲಿರುತ್ತದೆ. ಬಾಣಲೆಯಲ್ಲಿ ರಸ ನಿಲ್ಲುವುದು ಒಂದೂವರೆ ಅಂಗುಲ ಆಳಕ್ಕೆ ಮಾತ್ರ. ಒಂದು ಮೂಲೆ ಅರ್ಧ ಅಂಗುಲ ಎದ್ದಿದ್ದರೂ ಅಲ್ಲಿ ರಸ ತೆಳುವಾಗಿ ಮೊದಲು ಸೀಯುವುದು ಅದೇ ಜಾಗ. ಆದ್ದರಿಂದ ಉದ್ದಕ್ಕೂ ಅಡ್ಡಕ್ಕೂ ರಸಮಟ್ಟ ಇಟ್ಟು ನೋಡುತ್ತಾರೆ. ಬಾಣಲೆಗೆ ನೀರು ತುಂಬಿದ ಮೇಲೆ ಇನ್ನೊಮ್ಮೆ ನೋಡುತ್ತಾರೆ, ಭಾರಕ್ಕೆ ಒಲೆಯ ಕಾಲು ಇಳಿದಿರಬಹುದಲ್ಲ.

ಒಲೆಯ ಒಳಗೋಡೆಗೆ ಸೆರಾಮಿಕ್ ಹೊದಿಕೆ, ಅದರ ಮೇಲೆ ಬೆಂಕಿ ತಾಳುವ ಇಟ್ಟಿಗೆ. ಸೌದೆ ಉರಿಯುವ ಗೂಡಿನ ಹಿಂದೆ ನೆಲವನ್ನು ಇಳಿಜಾರಾಗಿ ಏರಿಸಿರುತ್ತಾರೆ. ಜ್ವಾಲೆ ನೇರ ಹೊಗೆಕೊಳವೆಗೆ ಓಡದೆ ಬಾಣಲೆಯ ಮಡಿಕೆಗಳನ್ನು ಸವರಿ ಹೋಗಲೆಂದು ಈ ಏರ್ಪಾಡು. ಬಾಣಲೆ ಕೂರುವ ಅಂಚಿಗೆ ಬೆಂಕಿ ತಾಳುವ ಹಗ್ಗದಂಥ ಪಟ್ಟಿ ಹಾಸುತ್ತಾರೆ. ಅಲ್ಲಿ ಸಂದು ಉಳಿದರೆ ತಣ್ಣನೆ ಗಾಳಿ ನುಗ್ಗಿ ಉರಿ ಸೊರಗುತ್ತದೆ. ಹೊಗೆಕೊಳವೆ ಒಲೆಯ ಉದ್ದದ ಎರಡರಷ್ಟು ಎತ್ತರ ಇರಲಿ ಎನ್ನುವುದು ಹಳಬರ ಲೆಕ್ಕ: ಆರಡಿ ಒಲೆಗೆ ಹನ್ನೆರಡಡಿ. ಕೊಳವೆ ಎಳೆದಷ್ಟು ಬೆಂಕಿ ಚುರುಕು. ಆವಿಗೂ ಬೇರೆ ದಾರಿ ಬೇಕು. ಅದಕ್ಕೆಂದೇ ಮಾಡಿನ ನೆತ್ತಿಯಲ್ಲಿ ಹಗ್ಗ ಎಳೆದು ತೆರೆಯುವ ಬಾಗಿಲುಗಳನ್ನು ಇಡುತ್ತಾರೆ. ಇಲ್ಲದಿದ್ದರೆ ಇಡೀ ಶೆಡ್ಡು ಆವಿಯಿಂದ ತುಂಬಿ, ತೊಲೆಗೆ ತಗುಲಿ ತಣಿದ ನೀರು ಮತ್ತೆ ಬಾಣಲೆಗೇ ತೊಟ್ಟಿಕ್ಕುತ್ತದೆ.

ಮೊದಲ ಬೆಂಕಿ ರಸಕ್ಕಲ್ಲ. ಬಾಣಲೆ ತುಂಬ ನೀರು ಸುರಿದು ಸಣ್ಣ ಉರಿ ಹಾಕುತ್ತಾರೆ. ಇಟ್ಟಿಗೆಯ ಗಾರೆ ನಿಧಾನ ಒಣಗಬೇಕು, ಒಮ್ಮೆಲೇ ಕಾದರೆ ಬಿರುಕು ಬಿಡುತ್ತದೆ. ಕಾರ್ಖಾನೆಯಲ್ಲಿ ಅಂಟಿದ ಎಣ್ಣೆ ಹೋಗಲೆಂದು ನೀರಿಗೆ ಅಡುಗೆ ಸೋಡಾ ಬೆರೆಸಿ ಕುದಿಸಿ, ಚೆಲ್ಲಿ, ಚೆನ್ನಾಗಿ ತೊಳೆಯುತ್ತಾರೆ. ಎಲ್ಲಿ ಸೋರುತ್ತದೆ, ಫ್ಲೋಟ್ ಎಲ್ಲಿ ಸಿಕ್ಕಿಕೊಳ್ಳುತ್ತದೆ ಎಂಬುದೆಲ್ಲ ಈ ನೀರಿನಾಟದಲ್ಲಿಯೇ ಗೊತ್ತಾಗಬೇಕು. ರಸದ ಕಾಲ ನಾಲ್ಕರಿಂದ ಆರು ವಾರ ಮಾತ್ರ. ಬಿಸಿಲೇರಿದರೆ ಕೂಡಿಟ್ಟ ರಸ ಹುಳಿಯುತ್ತದೆ, ಆಗ ವಾಲ್ವ್ ಬಿಚ್ಚಿ ಕೂರಲು ಪುರಸೊತ್ತಿಲ್ಲ.

ರಸ ಹರಿದ ಮೊದಲ ದಿನ ಹೊಸಬರ ತಾಳ್ಮೆಗೆ ಪರೀಕ್ಷೆ. ಹಿಂದೆ ತೆಳು, ಮುಂದೆ ಗಟ್ಟಿ ಎಂಬ ಶ್ರೇಣಿ ಬಾಣಲೆಯಲ್ಲಿ ಕಟ್ಟಿಕೊಳ್ಳಲು ಗಂಟೆಗಟ್ಟಲೆ ಬೇಕು. ಅಲ್ಲಿಯವರೆಗೆ ತೂಬಿನಿಂದ ಒಂದು ಹನಿಯೂ ಹೊರಬಿಡುವಂತಿಲ್ಲ. ಏಳೆಂಟು ನಿಮಿಷಕ್ಕೊಮ್ಮೆ ಬಾಗಿಲು ತೆರೆದು, ಮುಂಗೈ ಗಾತ್ರಕ್ಕೆ ಸೀಳಿದ ಸೌದೆ ಒಗೆದು, ತಕ್ಷಣ ಮುಚ್ಚಬೇಕು. ನೊರೆ ಉಕ್ಕಿದರೆ ಒಂದು ಚೂರು ಬೆಣ್ಣೆ ಸಾಕು, ಕಣ್ಣೆದುರೇ ಕುಸಿಯುತ್ತದೆ. ಆ ದಿನ ನೀರು ಎಷ್ಟು ಡಿಗ್ರಿಗೆ ಕುದಿಯುತ್ತದೋ ಅದಕ್ಕಿಂತ ಸುಮಾರು 4 ಡಿಗ್ರಿ ಸೆಲ್ಸಿಯಸ್ ಮೇಲೆ ಮುಟ್ಟಿದರೆ ಪಾಕ ಸಿದ್ಧ. ಗಾಳಿಯ ಒತ್ತಡಕ್ಕೆ ತಕ್ಕಂತೆ ಕುದಿಯುವ ಬಿಂದು ಬದಲಾಗುವುದರಿಂದ ಥರ್ಮಾಮೀಟರನ್ನು ದಿನವೂ ಕುದಿನೀರಿನಲ್ಲಿಟ್ಟು ಹೊಂದಿಸಿಕೊಳ್ಳುತ್ತಾರೆ. ಕೈಯಳತೆ ಬಲ್ಲವರು ಚಪ್ಪಟೆ ಸಟ್ಟುಗ ಅದ್ದಿ ಎತ್ತುತ್ತಾರೆ: ಹನಿಹನಿಯಾಗಿ ಬಿದ್ದರೆ ಇನ್ನೂ ಆಗಿಲ್ಲ, ಅಂಚಿನಲ್ಲಿ ಹನಿಗಳು ಕೂಡಿಕೊಂಡು ಅಗಲವಾಗಿ ಜಾರಿದರೆ ಆಯಿತು. ಆ ಗಳಿಗೆ ತಪ್ಪಿ ಬಾಣಲೆ ಒಣಗಿದರೆ ಪಾಕವೂ ಹೋಯಿತು, ಸ್ಟೀಲಿನ ತಳವೂ ಸುಟ್ಟುಹೋಯಿತು.

ತೆಗೆದ ಪಾಕದಲ್ಲಿ ಮರಳಿನಂಥ ಸುಣ್ಣದಂಶ ಇರುತ್ತದೆ. ಅದನ್ನು ಬಿಸಿಯಿರುವಾಗಲೇ ಸೋಸುತ್ತಾರೆ. ಅದೇ ಅಂಶ ಪಾಕದ ಬಾಣಲೆಯ ತಳಕ್ಕೂ ಕಚ್ಚುತ್ತದೆ. ಹೊಸ ಬಾಣಲೆಗಳಲ್ಲಿ ಎರಡೂ ಬದಿ ತೂಬು ಇರುವುದು ಇದಕ್ಕೇ: ಒಂದು ಬದಿಯಲ್ಲಿ ಕಟ್ಟಿಕೊಂಡರೆ ಹರಿವಿನ ದಿಕ್ಕು ತಿರುಗಿಸುತ್ತಾರೆ, ಹಗುರ ರಸ ಹರಿದು ಕಚ್ಚಿದ್ದು ಕರಗುತ್ತದೆ.

ಇಂದು ಜಗತ್ತಿನ ಮೇಪಲ್ ಪಾಕದ ಬಹುಪಾಲು ಬರುವುದು ಕೆನಡಾದ ಕ್ವಿಬೆಕ್ ಪ್ರಾಂತ್ಯದಿಂದ. ಅಮೆರಿಕದೊಳಗೆ ವರ್ಮಾಂಟ್ ಮುಂದಿದೆ. ದೊಡ್ಡ ತೋಪುಗಳಲ್ಲಿ ಮನೆಯ ನೀರು ಶುದ್ಧೀಕರಣದ ತತ್ವದಲ್ಲಿಯೇ ನಡೆಯುವ ಆರ್‌ಒ ಯಂತ್ರ ರಸದ ಮುಕ್ಕಾಲು ಪಾಲು ನೀರನ್ನು ಮೊದಲೇ ಹಿಂಡಿ ತೆಗೆಯುತ್ತದೆ. ಸೌದೆ ಉಳಿಯುತ್ತದೆ, ಹೊತ್ತು ಉಳಿಯುತ್ತದೆ. ಆದರೆ ಪಾಕದ ಬಣ್ಣ, ಘಮ ಹುಟ್ಟುವುದು ಬಾಣಲೆಯಲ್ಲಿ ಕಾದಾಗಲೇ. ಆರ್‌ಒ ಇಟ್ಟುಕೊಂಡವರೂ ಇವಾಪರೇಟರನ್ನು ಬಿಟ್ಟಿಲ್ಲ.

ಹೊಸದಾಗಿ ಕೈಹಾಕುವವರು ಎರಡಡಿ ಅಗಲ, ಆರಡಿ ಉದ್ದದ ಒಲೆಯಿಂದ ತೊಡಗುವುದು ವಾಡಿಕೆ. ಚೆನ್ನಾಗಿ ಉರಿದರೆ ಅದು ಗಂಟೆಗೆ ಸುಮಾರು 95 ಲೀಟರ್ ನೀರು ಹಾರಿಸುತ್ತದೆ, ಕೈಗೆ ಬರುವ ಪಾಕ ಎರಡೂವರೆ ಲೀಟರಿಗೂ ಕಡಿಮೆ. ನೂರು ನಳಿಕೆಗಳ ಹಂಗಾಮಿಗೆ ಎಂಟಡಿ ಉದ್ದ, ನಾಲ್ಕಡಿ ಅಗಲ, ನಾಲ್ಕಡಿ ಎತ್ತರದ ಒಂದು ರಾಶಿ ಸೌದೆ ಬೇಕು ಎನ್ನುವುದು ಅನುಭವಸ್ಥರ ಲೆಕ್ಕ. ಹಸಿ ಸೌದೆಯ ಶಾಖ ತನ್ನೊಳಗಿನ ನೀರನ್ನು ಹಾರಿಸುವುದರಲ್ಲಿಯೇ ಮುಗಿಯುತ್ತದೆ. ಆದ್ದರಿಂದ ಬರುವ ಮಾರ್ಚಿನಲ್ಲಿ ಒಲೆ ಹೊತ್ತಿಸುವವರು ಈ ಮಾರ್ಚಿನಲ್ಲೇ ಕೊಡಲಿ ಹಿಡಿಯಬೇಕು. ಒಲೆಯ ಮುಂಗಡ ಆಮೇಲೆ ಕೊಟ್ಟರಾಯಿತು.